ಶಿರಸಿಯಂಥ ಊರಿಗೆ ಯೋಜನೆ ಬರುವುದು ಹೇಗೆ, ಬಂದ ಮೇಲೆ ಅದನ್ನು ನಡೆಸುವವರು ಯಾರು?

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಬೇಸಿಗೆಯ ಕೊನೆಗೆ ಊರಲ್ಲಿ ನೀರಿನದೇ ಮಾತು. ಹೊರಗಿನಿಂದ ಬಂದವರಿಗೆ ಇದು ನಂಬಲಾಗದ ಸಂಗತಿ. ಇಷ್ಟು ಮಳೆ ಬೀಳುವ ಕಡೆ ನೀರಿಗೇನು ಬರ ಅಂತ ಕೇಳುತ್ತಾರೆ.

ಪೇಟೆಗೆ ನೀರು ಬರುವುದು ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ. ತಗ್ಗಿನಲ್ಲಿರುವ ಹೊಳೆಯಿಂದ ಪಂಪ್ ಮಾಡಿ ಮೇಲಕ್ಕೆ ಎತ್ತಬೇಕು, ಶುದ್ಧ ಮಾಡಬೇಕು, ಟ್ಯಾಂಕಿಗೆ ತುಂಬಿಸಬೇಕು, ಆಮೇಲೆ ವಾರ್ಡ್ ವಾರ್ಡಿಗೂ ಬಿಡಬೇಕು. ಹೊಳೆಯಲ್ಲಿ ನೀರಿದ್ದೂ ಮೋಟರ್ ಕೆಟ್ಟರೆ ನಲ್ಲಿ ಒಣಗುತ್ತದೆ. ಪೈಪ್ ಒಡೆದರೂ ಅಷ್ಟೇ, ಕರೆಂಟ್ ಹೋದರೂ ಅಷ್ಟೇ. ಅಂದರೆ ಊರಿನ ನೀರು ಮಳೆಯ ಮೇಲೆ ಎಷ್ಟು ನಿಂತಿದೆಯೋ, ಪ್ರತಿ ತಿಂಗಳೂ ಯಾರೋ ಕಟ್ಟುವ ಬಿಲ್ಲಿನ ಮೇಲೂ ಅಷ್ಟೇ ನಿಂತಿದೆ.

ನಮ್ಮಂಥ ಸಣ್ಣ ಊರಿನ ಅಭಿವೃದ್ಧಿ ಕೆಲಸಗಳನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. 'ಇಷ್ಟು ಕೋಟಿ ಮಂಜೂರು' ಅಂತ ಪೇಪರಿನಲ್ಲಿ ಬರುತ್ತದೆ, ಭೂಮಿಪೂಜೆ ಆಗುತ್ತದೆ, ಬ್ಯಾನರ್ ಏಳುತ್ತದೆ. ಅದೆಲ್ಲ ಕಟ್ಟುವ ಹಣ. ಕಟ್ಟಿದ್ದನ್ನು ಇಪ್ಪತ್ತು ವರ್ಷ ನಡೆಸುವ ಹಣಕ್ಕೆ ಬ್ಯಾನರ್ ಇಲ್ಲ, ಸುಲಭಕ್ಕೆ ಅದು ಸಿಗುವುದೂ ಇಲ್ಲ. ಊರಿನ ಎಷ್ಟೋ ತೊಂದರೆಗಳ ಬೇರು ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಯಾವುದು ಯಾರ ಕೆಲಸ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಸಂವಿಧಾನದ ಬಲ ಕೊಟ್ಟಿತು. ಅದರ ಜೊತೆಗೆ ಬಂದ 12ನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ ಇದೆ. ನಗರ ಯೋಜನೆ, ನೀರು, ರಸ್ತೆ, ಬೀದಿದೀಪ, ಕಸ, ಸ್ಮಶಾನ, ಕೊಳೆಗೇರಿ ಸುಧಾರಣೆ, ಬಡತನ ನಿವಾರಣೆ ಎಲ್ಲವೂ ಅದರಲ್ಲಿವೆ. 'ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ' ಎನ್ನುವುದೂ ಇದೆ. ಶಿರಸಿ, ಕಾರವಾರ, ದಾಂಡೇಲಿಯಂಥ ನಗರಸಭೆಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ.

ಪಟ್ಟಿ ದೊಡ್ಡದು. ಕೈ ಮಾತ್ರ ಚಿಕ್ಕದು. ದೊಡ್ಡ ನೀರಿನ ಯೋಜನೆ ಕಟ್ಟುವುದು ಬಹುತೇಕ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವೋ, ಹೆದ್ದಾರಿಯವೋ ಆಗಿರುತ್ತವೆ. ಕರೆಂಟ್ ಕಂಬ ಹೆಸ್ಕಾಂನದು. ಬಸ್ ಸ್ಟ್ಯಾಂಡ್ ಸಾರಿಗೆ ಸಂಸ್ಥೆಯದು. ಯಲ್ಲಾಪುರ ನಾಕಾದಿಂದ ದೇವಿಕೆರೆಯವರೆಗೆ ನಡೆದು ಬಂದರೆ ಕಾಲ ಕೆಳಗಿನ ರಸ್ತೆ ಒಬ್ಬರದು, ಪಕ್ಕದ ಚರಂಡಿ ಇನ್ನೊಬ್ಬರದು, ಅದರಡಿಯ ಪೈಪು ಮತ್ತೊಬ್ಬರದು ಆಗಿರಬಹುದು. ಹೊಸ ಡಾಂಬರು ಬಿದ್ದ ಮರುವಾರವೇ ಪೈಪಿಗೆಂದು ಅಗೆಯುವುದನ್ನು ಕಂಡು ನಾವೆಲ್ಲ ಬೈದುಕೊಂಡಿದ್ದೇವೆ, ಅಲ್ವಾ? ಹಾಗಾಗಲು ಯಾರದೋ ಬೇಜವಾಬ್ದಾರಿ ಒಂದೇ ಕಾರಣವಲ್ಲ. ಮೂರು ಇಲಾಖೆಗೆ ಮೂರು ಬಜೆಟ್, ಮೂರು ಕ್ಯಾಲೆಂಡರ್. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಇಲ್ಲ.

ಹಣದ ಮೇಲೆ ಅಂಟಿಸಿದ ಚೀಟಿ

ನಗರಸಭೆಯ ಖಾತೆಯಲ್ಲಿ ಹಣ ಇದೆ ಅಂದ ಮಾತ್ರಕ್ಕೆ ಬೇಕಾದ ಕೆಲಸ ಮಾಡಲು ಆಗುವುದಿಲ್ಲ. ಹೆಚ್ಚಿನ ಹಣದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ: ಇದನ್ನು ಇಂಥದ್ದಕ್ಕೇ ಖರ್ಚು ಮಾಡಿ.

ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ನೋಡಿ. 2021ರಿಂದ 2026ರವರೆಗಿನ ಅವಧಿಗೆ ಅದು ಹಾಕಿದ ಲೆಕ್ಕದಲ್ಲಿ, ನಮ್ಮಂಥ ಊರುಗಳಿಗೆ ಬರುವ ಹಣದಲ್ಲಿ ಶೇ. 60ಕ್ಕೆ ಚೀಟಿ ಇತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಉಳಿದ ಶೇ. 40 ಮುಕ್ತ ಅನುದಾನ. ಅದನ್ನೂ ಸಂಬಳ ಮತ್ತು ಆಡಳಿತದ ಖರ್ಚಿಗೆ ಬಳಸುವ ಹಾಗಿರಲಿಲ್ಲ. ಜೊತೆಗೆ ಲೆಕ್ಕಪತ್ರ ಆಡಿಟ್ ಮಾಡಿಸಿ ಆನ್‌ಲೈನ್‌ನಲ್ಲಿ ಹಾಕಬೇಕು ಎನ್ನುವಂಥ ಷರತ್ತುಗಳಿದ್ದವು. ಷರತ್ತು ತಪ್ಪಿದರೆ ಹಣ ಇಲ್ಲ.

ಈ ಚೀಟಿಗಳೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಚೀಟಿ ಇಲ್ಲದಿದ್ದರೆ ಎಷ್ಟೋ ಊರಲ್ಲಿ ಕಸದ ಘಟಕಕ್ಕೆ ಹಣ ಇಡುತ್ತಲೇ ಇರಲಿಲ್ಲ. ಎಲ್ಲವೂ ಕಾಂಕ್ರೀಟ್ ರಸ್ತೆಗೆ ಹೋಗುತ್ತಿತ್ತು.

ರಾಜ್ಯದಿಂದ ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನ ಬರುತ್ತದೆ. ಅದರಲ್ಲಿ ಸಂಬಳದ ಪಾಲು ಬೇರೆ, ವಿದ್ಯುತ್ ಬಿಲ್ಲಿನ ಪಾಲು ಬೇರೆ. ಬೀದಿದೀಪ ಮತ್ತು ನೀರೆತ್ತುವ ಪಂಪಿನ ಬಿಲ್ ಎಷ್ಟು ದೊಡ್ಡದೆಂದರೆ ಅದಕ್ಕಾಗಿಯೇ ಒಂದು ಪ್ರತ್ಯೇಕ ಲೆಕ್ಕ ಬೇಕಾಗಿದೆ. ಇನ್ನು ರಾಜ್ಯದ ನಗರೋತ್ಥಾನ, ಕೇಂದ್ರದ ಅಮೃತ್‌ನಂಥ ಯೋಜನೆಗಳು. 2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0ರಲ್ಲಿ 1 ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನ ಯೋಜನೆಗೆ ಕೇಂದ್ರ ಅರ್ಧ ಹಣ ಕೊಡುತ್ತದೆ. ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕು. ಶಿರಸಿ, ಕಾರವಾರ ಎರಡೂ ಈ ಸಾಲಿಗೇ ಸೇರುತ್ತವೆ. ಪೈಪ್, ಟ್ಯಾಂಕ್, ಶುದ್ಧೀಕರಣ ಘಟಕಕ್ಕೆ ಹೀಗೆ ದಾರಿ ಆಗುತ್ತದೆ. ಆದರೆ ಪಂಪ್ ನೋಡಿಕೊಳ್ಳುವವನ ಸಂಬಳ, ಬೇರಿಂಗ್ ಹೋದ ಮೋಟರ್, ಪ್ರತಿ ತಿಂಗಳ ಬ್ಲೀಚಿಂಗ್ ಪುಡಿ ಇವೆಲ್ಲ ಊರಿನ ತಲೆಗೇ. ಮೇವಿನ ದಾರಿ ನೋಡದೆ ಎಮ್ಮೆ ಕೊಂಡ ಹಾಗೆ ಆಗುತ್ತದೆ.

ಚೀಟಿ ಇಲ್ಲದ ಹಣ ಅಂದರೆ ಊರು ತಾನೇ ಎತ್ತುವ ಹಣ. ಆಸ್ತಿ ತೆರಿಗೆ, ನೀರಿನ ಕರ, ನಗರಸಭೆ ಮಳಿಗೆಗಳ ಬಾಡಿಗೆ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ. ನಿರ್ವಹಣೆಗೆ ಮುಖ್ಯ ಆಸರೆ ಇದೇ. ಇದರಲ್ಲೂ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಇದನ್ನು ಸಾಮಾನ್ಯವಾಗಿ ಕಡಿತ ಎನ್ನುವ ಹಾಗೆ ಮಾತಾಡುತ್ತಾರೆ. ಅದು ಕಡಿತವಲ್ಲ, ಆ ಜನರ ಪಾಲು. ಒಬ್ಬ ವಿದ್ಯಾರ್ಥಿಯ ಫೀಸು, ಒಂದು ಮನೆಯ ರಿಪೇರಿ, ಒಂದು ತ್ರಿಚಕ್ರ ವಾಹನ ಇವೆಲ್ಲ ಈ ಹಣದಿಂದಲೇ ಆಗಬೇಕು. ವರ್ಷದ ಕೊನೆಯಲ್ಲಿ ಅದು ಖರ್ಚಾಗದೆ ಉಳಿದರೆ ನಿಜವಾದ ನಷ್ಟ ಅದೇ.

ತೆರಿಗೆ ರಸೀದಿಯನ್ನು ಒಮ್ಮೆ ಓದಿ

ಮನೆ ತೆರಿಗೆ ಕಟ್ಟಿದ ರಸೀದಿ ಎಲ್ಲರ ಮನೆಯಲ್ಲೂ ಇರುತ್ತದೆ. ಕೊನೆಯ ಮೊತ್ತ ಬಿಟ್ಟು ಮೇಲಿನ ಸಾಲುಗಳನ್ನು ಓದುವವರು ಕಡಿಮೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ತೆರಿಗೆ 2,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಕೆಳಗೆ ಸೆಸ್‌ಗಳು ಶುರುವಾಗುತ್ತವೆ. ಆರೋಗ್ಯ ಸೆಸ್ ಶೇ. 15, ಅಂದರೆ 300. ಗ್ರಂಥಾಲಯ ಸೆಸ್ ಶೇ. 6, ಅಂದರೆ 120. ಭಿಕ್ಷುಕರ ಸೆಸ್ ಶೇ. 3, ಅಂದರೆ 60. ನಗರ ಸಾರಿಗೆ ಸೆಸ್ ಶೇ. 2, ಅಂದರೆ 40. ಒಟ್ಟು 2,520 ರೂಪಾಯಿ. ನಾವು 'ನಗರಸಭೆಗೆ ಎರಡೂವರೆ ಸಾವಿರ ಕಟ್ಟಿದೆ' ಅನ್ನುತ್ತೇವೆ. ಆದರೆ ಆ 520 ರೂಪಾಯಿಯನ್ನು ನಗರಸಭೆ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ಊರಿನ ಚರಂಡಿಗೆ, ದೀಪಕ್ಕೆ ಉಳಿಯುವುದು ಆ 2,000.

ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ರಿಯಾಯಿತಿ ಕೊಟ್ಟಾದರೂ ಬೇಗ ತರಿಸಿಕೊಳ್ಳುವುದಕ್ಕೆ ಕಾರಣ ಇದೆ. ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೆಸಲು ಮೇ ತಿಂಗಳಲ್ಲಿ ಕೈಯಲ್ಲಿ ಕಾಸು ಬೇಕು.

ಇನ್ನು ಪೇಟೆಯ ಅಂಚಿಗೆ ಬನ್ನಿ. ಹುತ್ಗಾರದ ಕಡೆಗೆ, ಬೇರೆ ದಿಕ್ಕಿನಲ್ಲೂ, ಗದ್ದೆ ಬೇಣಗಳಿದ್ದಲ್ಲಿ ಈಗ ಸೈಟುಗಳು, ಮನೆಗಳು. ಬಹಳಷ್ಟು ಜಾಗ ಗ್ರಾಮ ಪಂಚಾಯಿತಿಗೆ ಸೇರಿದ್ದು. ಅಲ್ಲಿಯವರು ತೆರಿಗೆ ಕಟ್ಟುವುದು ಪಂಚಾಯಿತಿಗೆ. ಮಕ್ಕಳ ಶಾಲೆ, ಆಫೀಸು, ಸಿ.ಪಿ. ಬಜಾರಿನ ಸಂತೆ ಎಲ್ಲ ಪೇಟೆಯಲ್ಲೇ. ಅವರದೇನೂ ತಪ್ಪಿಲ್ಲ, ಗೆರೆ ಹಳೆಯದು. ಜನಸಂಖ್ಯೆಯ ಲೆಕ್ಕವೂ ಹಳೆಯದು. 15ನೇ ಆಯೋಗ ಅನುದಾನ ಹಂಚಲು ಹಿಡಿದದ್ದು 2011ರ ಜನಗಣತಿಯನ್ನು. ಆಗ ಶಿರಸಿಯ ಜನಸಂಖ್ಯೆ 60 ಸಾವಿರದ ಆಸುಪಾಸು. ಆಮೇಲೆ ಬೆಳೆದ ಬಡಾವಣೆಗಳ ಕಸ ಮಾತ್ರ ಇವತ್ತಿನದು. ನಗರಸಭೆಯ ಗಡಿ ಹಿಗ್ಗಿಸುವ ಮಾತು ಬಂದಾಗಲೆಲ್ಲ ತೆರಿಗೆ ಜಾಸ್ತಿ ಆಗುತ್ತದೆ ಎನ್ನುವ ಹೆದರಿಕೆ ಏಳುತ್ತದೆ. ಹೆದರಿಕೆ ಸಹಜ. ಆದರೆ ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಬಾವಿಗೂ ಶೌಚದ ಗುಂಡಿಗೂ ನಡುವೆ ಸಾಕಷ್ಟು ದೂರ ಉಳಿಯದೇ ಹೋದರೆ, ಅದರ ಬೆಲೆ ತೆರಿಗೆಗಿಂತ ದೊಡ್ಡದು.

ಕಡತ ಘಟ್ಟ ಇಳಿದು ಹತ್ತುವ ಬಗೆ

ನಿಮ್ಮ ಮನೆ ಮುಂದೆ ನೂರು ಮೀಟರ್ ಚರಂಡಿ ಬೇಕು. ವಾರ್ಡಿನ ಸದಸ್ಯರಿಗೆ ಹೇಳಿದಿರಿ, ಅವರೂ ಒಪ್ಪಿದರು. ಮುಂದೆ?

ಕಿರಿಯ ಇಂಜಿನಿಯರ್ ಬಂದು ಟೇಪು ಹಿಡಿದು ಅಳೆಯುತ್ತಾರೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇಟ್ಟುಕೊಂಡು ಅಂದಾಜುಪಟ್ಟಿ ಬರೆಯುತ್ತಾರೆ. ಮಣ್ಣು ಅಗೆಯುವುದಕ್ಕೆ ಇಷ್ಟು, ಜಲ್ಲಿಗೆ ಇಷ್ಟು, ಕಾಂಕ್ರೀಟಿಗೆ ಇಷ್ಟು. ಆ ಕೆಲಸ ಯಾವ ಹಣದ ಚೀಟಿಗೆ ಹೊಂದುತ್ತದೆ ಅಂತ ನೋಡಿ ಕ್ರಿಯಾ ಯೋಜನೆಗೆ ಸೇರಿಸುತ್ತಾರೆ. ನಗರಸಭೆಯ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಹೆಚ್ಚಿನ ಕ್ರಿಯಾ ಯೋಜನೆಗಳಿಗೆ ಜಿಲ್ಲಾಡಳಿತದ ಒಪ್ಪಿಗೆ ಬೇಕು. ಜಿಲ್ಲಾ ಕೇಂದ್ರ ಕಾರವಾರ, ಶಿರಸಿಯಿಂದ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಈಗ ಕಡತ ಕಂಪ್ಯೂಟರಿನಲ್ಲೂ ಓಡುತ್ತದೆ, ನಿಜ. ಆದರೆ ಒಂದು ಆಕ್ಷೇಪಣೆ ಬಂದರೆ ಮನುಷ್ಯರೇ ಘಟ್ಟ ಇಳಿದು ಹೋಗಿ ಉತ್ತರ ಕೊಡಬೇಕಾಗುತ್ತದೆ. ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕು ಎನ್ನುವವರ ಮಾತಿನ ಹಿಂದೆ ಈ ದಾರಿಯ ದಣಿವೂ ಇದೆ.

ಒಪ್ಪಿಗೆ ಆದ ಮೇಲೆ ತಾಂತ್ರಿಕ ಮಂಜೂರಾತಿ. ಆಮೇಲೆ 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಆನ್‌ಲೈನ್ ಟೆಂಡರ್. ಯಾರೂ ಬಿಡ್ ಹಾಕದಿದ್ದರೆ ಮತ್ತೆ ಟೆಂಡರ್. ಗುತ್ತಿಗೆದಾರ ಸಿಕ್ಕಿ, ಕರಾರು ಆಗಿ, ಕಾರ್ಯಾದೇಶ ಹೊರಬೀಳುವಾಗ ವರ್ಷದ ಎಷ್ಟು ತಿಂಗಳು ಉಳಿದಿರುತ್ತವೆ ಎನ್ನುವುದೇ ಮುಖ್ಯ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕಾಂಕ್ರೀಟ್ ಕೆಲಸ ಮಾಡಿದರೆ ಹಾಳು. ಅಕ್ಟೋಬರ್‌ನಿಂದ ಮೇ ನಮ್ಮ ಕೆಲಸದ ಕಾಲ. ಆದರೆ ಸರ್ಕಾರಿ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಮಾರ್ಚ್ ಹತ್ತಿರ ಬಂದಾಗ ಊರಿಡೀ ಜಲ್ಲಿ ರಾಶಿ ಬೀಳುವುದು ಇದಕ್ಕೇ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಇನ್ನೂ ಗಡಿಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯೂ ಫೆಬ್ರುವರಿ, ಮಾರ್ಚ್‌ ಹೊತ್ತಿಗೇ ಬೀಳುತ್ತದೆ. ಲಕ್ಷಗಟ್ಟಲೆ ಜನ ಬರುವ ಮುಂಚೆ ರಸ್ತೆ ಸರಿಯಾಗಬೇಕು, ಶೌಚಾಲಯ ಬೇಕು, ನೀರು ಬೇಕು.

ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡರೆ ಇಡೀ ಸರಪಳಿಗೇ ತಡೆ. ರಾಜ್ಯದ ಎಷ್ಟೋ ಊರುಗಳಲ್ಲಿ ಹಾಗಾಗಿದೆ. ಆಗ ಆಡಳಿತಾಧಿಕಾರಿ ಬರುತ್ತಾರೆ. ಕೆಲಸ ನಿಲ್ಲುವುದಿಲ್ಲ, ಆದರೆ ನಿಮ್ಮ ಓಣಿಯ ಚರಂಡಿಯ ಬಗ್ಗೆ ಸಭೆಯಲ್ಲಿ ದನಿ ಎತ್ತಲು ಯಾರೂ ಇರುವುದಿಲ್ಲ.

ಕೆಲಸ ಮುಗಿಯಿತು ಅನ್ನಿ. ಇಂಜಿನಿಯರ್ 'ಎಂಬಿ' ಬರೆಯುತ್ತಾರೆ. ಅಂದರೆ ಅಳತೆ ಪುಸ್ತಕ. ನಿಜವಾಗಿ ಎಷ್ಟು ಉದ್ದ, ಎಷ್ಟು ಆಳ, ಎಷ್ಟು ದಪ್ಪ ಕೆಲಸ ಆಗಿದೆ ಎನ್ನುವ ದಾಖಲೆ ಅದು. ಬಿಲ್ ಪಾಸಾಗುವುದು ಅದರ ಮೇಲೆ. ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಅಂತ ಒಂದಿರುತ್ತದೆ. ಆ ಅವಧಿಯಲ್ಲಿ ಒಡೆದರೆ, ಕುಸಿದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಅದಕ್ಕಾಗಿಯೇ ಅವರ ಠೇವಣಿ ಇಟ್ಟುಕೊಂಡಿರುತ್ತಾರೆ. ಹೊಸ ಚರಂಡಿ ಮೊದಲ ಮಳೆಗೇ ಬಿರುಕು ಬಿಟ್ಟರೆ ನಾವು ಸುಮ್ನೆ ಗೊಣಗಿ ಬಿಡುತ್ತೇವೆ. ಒಂದು ಫೋಟೋ ತೆಗೆದು, ತಾರೀಕು ಹಾಕಿ, ಆ ಅವಧಿಯೊಳಗೆ ಲಿಖಿತ ದೂರು ಕೊಟ್ಟರೆ ನಗರಸಭೆಗೆ ಒಂದು ರೂಪಾಯಿ ಖರ್ಚಿಲ್ಲದೆ ದುರಸ್ತಿ ಆಗುವ ದಾರಿ ಇದೆ.

ಜನರ ಸಂಪಾದನೆ ಹೆಚ್ಚುವುದು ಎಲ್ಲಿ

ರಸ್ತೆ, ಚರಂಡಿ ಆದ ಮಾತ್ರಕ್ಕೆ ಊರಿನವರ ಜೇಬು ತುಂಬುವುದಿಲ್ಲ. ಶಿರಸಿಯ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಿದ್ದು ಹೆಚ್ಚಾಗಿ ಸಹಕಾರ ಸಂಘಗಳು. 1923ರಲ್ಲಿ ಶುರುವಾದ ತೋಟಗಾರ್ಸ್ ಸೇಲ್ ಸೊಸೈಟಿ, ನಮ್ಮ ಬಾಯಲ್ಲಿ ಟಿಎಸ್‌ಎಸ್, ಇದಕ್ಕೆ ದೊಡ್ಡ ಉದಾಹರಣೆ.

ಅಡಿಕೆ ವ್ಯಾಪಾರ ನಡೆಯುವ ರೀತಿ ನೋಡಿದರೆ ಇದು ತಿಳಿಯುತ್ತದೆ. ರೈತ ಚಾಲಿಯನ್ನೋ (ಒಣಗಿಸಿ ಸುಲಿದ ಬಿಳಿ ಅಡಿಕೆ) ರಾಶಿಯನ್ನೋ (ಬೇಯಿಸಿದ ಕೆಂಪು ಅಡಿಕೆ) ಚೀಲ ಕಟ್ಟಿ ತಂದು ಸಂಘದ ಅಂಗಳದಲ್ಲಿ ಹಾಕುತ್ತಾನೆ. ಒಬ್ಬೊಬ್ಬರ ಮಾಲಿಗೂ ನಂಬರು. ವ್ಯಾಪಾರಿಗಳು ಸಾಲಾಗಿ ಬಂದು ಅಡಿಕೆಯನ್ನು ಕೈಯಲ್ಲಿ ಹಿಡಿದು, ಒಡೆದು, ಒಳಗಿನ ಬಣ್ಣ ನೋಡಿ ದರ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಬರೆದವರಿಗೆ ಮಾಲು. ಮಾರಿದ ಹಣ ರೈತನ ಖಾತೆಗೆ, ಕಮಿಷನ್ ಸಂಘಕ್ಕೆ. ಬೆಳೆ ಬರುವ ಮುಂಚೆ ಸಾಲ ಬೇಕಾದರೆ ಅದೂ ಅಲ್ಲೇ. ಮನೆಗೆ ಬೇಕಾದ ದಿನಸಿಯೂ ಅಲ್ಲೇ ಸಿಗುತ್ತದೆ. ಮಧ್ಯದವನ ಕೈಯಲ್ಲಿ ಸಿಕ್ಕಿ ನರಳುತ್ತಿದ್ದ ಬೆಳೆಗಾರನಿಗೆ ಇದರಿಂದ ದರ ಕೇಳುವ ಶಕ್ತಿ ಬಂತು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿತು.

ನಡೆಸುವ ಖರ್ಚು ಇಲ್ಲಿ ವ್ಯವಸ್ಥೆಯ ಒಳಗೇ ಇದೆ. ಪ್ರತಿ ವ್ಯಾಪಾರದ ಕಮಿಷನ್ ಸಂಘವನ್ನು ನಡೆಸುತ್ತದೆ. ರಾಜ್ಯದ ಸಹಕಾರ ಕಾಯ್ದೆ ನಿವ್ವಳ ಲಾಭದ ಶೇ. 25ನ್ನು ಮೀಸಲು ನಿಧಿಗೆ ಹಾಕಬೇಕು ಅನ್ನುತ್ತದೆ. ಕೆಟ್ಟ ವರ್ಷಕ್ಕೆ ಒಂದು ಆಸರೆ ಇರುತ್ತದೆ. ನಗರಸಭೆ ಕಟ್ಟುವ ಮಾರುಕಟ್ಟೆಗೂ, ಶೌಚಾಲಯಕ್ಕೂ, ಉದ್ಯಾನಕ್ಕೂ ಇಂಥ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮಳಿಗೆ ಬಾಡಿಗೆಯಲ್ಲಿ ಇಷ್ಟು ಪಾಲು ಅದೇ ಕಟ್ಟಡದ ದುರಸ್ತಿಗೆ ಅಂತ ಠರಾವು ಮಾಡಲು ಯಾವ ದೊಡ್ಡ ಯೋಜನೆಯೂ ಬೇಕಾಗಿಲ್ಲ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ತಲುಪುವ ಇನ್ನೊಂದು ಕೆಲಸ ಬೀದಿ ವ್ಯಾಪಾರಿಗಳದು. ಬೇಸಿಗೆಯಲ್ಲಿ ಅಪ್ಪೆಮಿಡಿ ತರುವವರು, ಮುರುಗಲು ಮಾರುವವರು, ಕರಾವಳಿಯಿಂದ ಮೀನು ಹೊತ್ತು ತರುವ ಹೆಂಗಸರು ಎಲ್ಲರೂ ಇದರಲ್ಲಿ ಬರುತ್ತಾರೆ. 2014ರ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಆಗಿ ವ್ಯಾಪಾರದ ಪ್ರಮಾಣಪತ್ರ ಸಿಗುವ ಮೊದಲು ಅವರನ್ನು ಎಬ್ಬಿಸುವ ಹಾಗಿಲ್ಲ. 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಮೊದಲ ಕಂತಿಗೆ 10 ಸಾವಿರ ರೂಪಾಯಿ ಸಾಲದಿಂದ ಶುರುವಾಯಿತು. ಸರಿಯಾಗಿ ತೀರಿಸಿದರೆ ಮುಂದಿನ ಸಾಲ ದೊಡ್ಡದು, ಬಡ್ಡಿಯಲ್ಲಿ ಶೇ. 7 ಸಹಾಯಧನ. ದಿನದ ಬಡ್ಡಿಗೆ ಕೈಗಡ ಪಡೆಯುವವರಿಗೆ ಇದು ಸಣ್ಣ ಮಾತಲ್ಲ. ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇರುವ ಒಂದು ಜಾಗ ಕೊಟ್ಟರೆ ಅದು ಊರಿನ ಆರ್ಥಿಕ ಯೋಜನೆಯೇ.

ಕರಾವಳಿಯಲ್ಲಿ ಲೆಕ್ಕ ಬೇರೆ

ಘಟ್ಟದ ಕೆಳಗೆ ಹೋದರೆ ಯೋಜನೆಗಳ ಗಾತ್ರವೇ ಬೇರೆ. ಸೀಬರ್ಡ್ ನೌಕಾನೆಲೆ, ಬಂದರು, ಚತುಷ್ಪಥ. ಇವುಗಳಲ್ಲಿ ನಗರಸಭೆಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ದೊಡ್ಡ ಯೋಜನೆಗಳಲ್ಲಿ ಜನರ ಮಾತಿಗೆ ಕಾನೂನಿನ ಜಾಗ ಇರುವುದು ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಅಲ್ಲಿ ಬರೆದುಕೊಟ್ಟದ್ದು ದಾಖಲೆ ಆಗುತ್ತದೆ. 2020ರ ಆರಂಭದಲ್ಲಿ ಕಾರವಾರ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಅವರ ಪ್ರಶ್ನೆ ಸರಳವಾಗಿತ್ತು: ದೋಣಿ ಎಳೆಯಲು, ಮೀನು ಒಣಗಿಸಲು ಉಳಿದಿರುವ ದಂಡೆಯೂ ಹೋದರೆ ನಾವೆಲ್ಲಿ ಹೋಗಬೇಕು?

ಕಟ್ಟುವುದಕ್ಕೂ ಕಾಪಾಡುವುದಕ್ಕೂ ಇರುವ ಅಂತರ ಇಲ್ಲೂ ಕಣ್ಣಿಗೆ ಹೊಡೆಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಸೇತುವೆಗೆ 40 ವರ್ಷ ದಾಟಿತ್ತು. ಅದನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡುವ ಕೆಲಸ ಯಾರದು, ಅದರ ವರದಿ ಎಲ್ಲಿದೆ ಎಂದು ಜನ ಕೇಳಿದ್ದು ಕುಸಿದ ಮೇಲೆ. ಈ ಜಿಲ್ಲೆಯಲ್ಲಿ ಹೊಳೆ, ಹಳ್ಳ ಎಷ್ಟಿವೆಯೋ ಅಷ್ಟು ಸೇತುವೆಗಳಿವೆ. ಆ ಪ್ರಶ್ನೆಯನ್ನು ಮುಂಚೆಯೇ ಕೇಳಬೇಕು.

ಎಲ್ಲಿ ಕೇಳಬೇಕು

ಬಜೆಟ್ ಮಂಡಿಸುವ ಮೊದಲು ನಗರಸಭೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತದೆ. ಸಾಮಾನ್ಯವಾಗಿ ಚಳಿಗಾಲದಲ್ಲಿ, ಪೇಪರಿನ ಮೂಲೆಯಲ್ಲೊಂದು ಪ್ರಕಟಣೆ ಬರುತ್ತದೆ. ಹೋಗುವವರು ಬಹಳ ಕಡಿಮೆ. ಹೋದವರೂ 'ನಮ್ಮ ರಸ್ತೆ ಮಾಡಿಕೊಡಿ' ಎಂದು ಹೇಳಿ ಬರುತ್ತೇವೆ. ಅದರ ಜೊತೆಗೆ ಇನ್ನೂ ಒಂದೆರಡು ಪ್ರಶ್ನೆ ಕೇಳಬಹುದು. ಕಳೆದ ವರ್ಷ ಕಟ್ಟಿದ ಶೌಚಾಲಯದ ನಿರ್ವಹಣೆಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ? ನೀರಿನ ಕರದಿಂದ ಬಂದದ್ದೆಷ್ಟು, ನೀರೆತ್ತಲು ಆದ ಖರ್ಚೆಷ್ಟು? ಶೇ. 24.10ರ ಹಣದಲ್ಲಿ ಉಳಿದದ್ದೆಷ್ಟು, ಯಾಕೆ ಉಳಿಯಿತು?

ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಊರಿನ ಎಲ್ಲ ಕಾಮಗಾರಿಯ ವಿವರ ಕೊಡಿ ಅಂತ ಬರೆದು ಉಪಯೋಗವಿಲ್ಲ. ನಿಮ್ಮ ಓಣಿಯ ಒಂದು ಕೆಲಸ ಆರಿಸಿಕೊಳ್ಳಿ. ಅದರ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಮತ್ತು ದೋಷ ಹೊಣೆಗಾರಿಕೆ ಮುಗಿಯುವ ತಾರೀಕು, ಇಷ್ಟನ್ನು ಕೇಳಿ. ಪ್ರತಿ ಬಂದ ಮೇಲೆ ಒಂದು ಟೇಪು ಹಿಡಿದು ಚರಂಡಿಯ ಪಕ್ಕ ನಿಂತು ಅಳೆದು ನೋಡಿ. ಇಂಜಿನಿಯರ್ ಬರೆದ ಅಳತೆಗೂ ನಿಮ್ಮದಕ್ಕೂ ತಾಳೆ ಆದರೆ ಒಳ್ಳೆಯದೇ ಆಯಿತು. ಆಗದಿದ್ದರೆ ಆ ತಾರೀಕು ಮುಗಿಯುವ ಮುಂಚೆ ಪೌರಾಯುಕ್ತರಿಗೆ ಬರೆದುಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.